ಓಮಾ ಹುಡುಕಿದ ಸಿಪಾಯಿ

ಅವರ ಪ್ಯಾಂಟಿನ ಎರಡೂ ಮಂಡಿಗೆ ದಪ್ಪ ಚರ್ಮದ ತೇಪೆ ಇರುತ್ತಿತ್ತು. ಎಂಬತ್ತು ಮುಟ್ಟಿದ ಹೆಂಗಸು ಮಂಡಿಯೂರಿ ಕೂತು, ಸವೆದ ಟೂತ್‌ಬ್ರಷ್ಷಿನಿಂದ ಮೆಟ್ಟಿಲಿನ ಮೂಲೆಮೂಲೆ ತಿಕ್ಕುತ್ತಿದ್ದರು. ಜರ್ಮನಿಯ ಫೊಯರ್‌ಬಾಕ್‌ನ ಆ ಕಟ್ಟಡಕ್ಕೆ ನಾವು ಬಂದ ಮೊದಲ ವಾರವೇ ನಮ್ಮ ಬಾಗಿಲಿಗೆ 'ಕೇರ್‌ವೊಖೆ' ಎಂಬ ಹಲಗೆ ನೇತುಬಿತ್ತು. ಈ ವಾರ ಮೆಟ್ಟಿಲು ತೊಳೆಯುವ ಸರದಿ ನಿಮ್ಮದು ಎಂದರ್ಥ. ನಾನು ಮಾಪ್ ಆಡಿಸಿ ಕೈತೊಳೆದುಕೊಂಡೆ. ಕೆಳಮನೆಯ ಇವರು ಬಂದು ನೋಡಿದರು, ಮಂಡಿಯೂರಿ ನಾನು ಬಿಟ್ಟ ಮೂಲೆಗಳನ್ನೆಲ್ಲ ತಿಕ್ಕತೊಡಗಿದರು. ಮೈಸೂರಿನಲ್ಲಿ ಬೆಳೆದವಳಿಗೆ ಅಷ್ಟೂ ನಾಚಿಕೆಯಾಗದಿದ್ದೀತೆ? ನಾನೂ ಪಕ್ಕದಲ್ಲಿ ಕೂತೆ.

ನಮ್ಮ ಸ್ನೇಹ ಹಾಗೆ ಶುರುವಾಯಿತು. ನನ್ನವರಿಗೆ ಕಲೋನ್‌ನಲ್ಲಿ ಕೆಲಸ, ಬರುವುದು ವಾರಕ್ಕೊಮ್ಮೆ. ನನ್ನ ಕೆಲಸದ ಊರಾದ ರೆನ್ನಿಂಗೆನ್‌ನಿಂದ ರೈಲು ತಡವಾದ ದಿನಗಳಲ್ಲಿ ಮಗಳನ್ನು ಶಿಶುವಿಹಾರದಿಂದ ಕರೆತಂದು, ಉಣ್ಣಿಸಿ, ನಿದ್ದೆ ಮಾಡಿಸಿಟ್ಟಿರುತ್ತಿದ್ದವರು ಇವರೇ. ಮಗಳು 'ಓಮಾ' ಅಂದಳು, ಅಂದರೆ ಅಜ್ಜಿ. ನನಗೂ ಅವರು ಓಮಾ ಆದರು. ಅವಸರ ಅವರಿಗೆ ಆಗದು. "ನೋ ನೆಟ್ ಹುಡ್ಲಾ" ಎಂಬ ಅಲ್ಲಿನ ಹಳೇ ಮಾತು ಸದಾ ಬಾಯಲ್ಲಿ. ಆತುರ ಬೇಡ ಎಂದು.

ಅವರ ಅಡುಗೆಮನೆಯ ಗೋಡೆಯಲ್ಲಿ ಉದ್ದ ಕೋಟು ತೊಟ್ಟ, ಅಗಲ ಕಿವಿಯ, ಎಡಗೆನ್ನೆಯಲ್ಲಿ ಮಚ್ಚೆಯಿದ್ದ ಸಿಪಾಯಿಯ ಫೋಟೋ ಒಂದಿತ್ತು. ಯಾರೆಂದು ಕೇಳುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

"ನನ್ನ ತಂದೆ. ಹೆಸರು ಗೊತ್ತಿಲ್ಲ" ಅಂದರು. ಅವರಮ್ಮನಿಗೆ ಮದುವೆಯಾಗಿರಲಿಲ್ಲ. ಕೇಳಿದಾಗಲೆಲ್ಲ ಆಕೆ ಹೇಳಿದ್ದು 'ಹೋದ' ಎಂಬ ಒಂದೇ ಮಾತಂತೆ. ಓಮಾರ ಜನನಪತ್ರದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಬರೀ ಗೆರೆ. "ಬಿಟ್ಟುಹೋದನೋ, ಸತ್ತುಹೋದನೋ? ಅದೊಂದು ತಿಳಿದರೆ ಸಾಕು."

ನನಗೆ ಮೈಯೆಲ್ಲ ಉತ್ಸಾಹ. ಲೋಹದ ತುಂಡುಗಳ ಸೂಕ್ಷ್ಮದರ್ಶಕ ಚಿತ್ರಗಳಲ್ಲಿ ಕೂದಲೆಳೆಯಂಥ ಬಿರುಕು ಹುಡುಕುವುದೇ ನನ್ನ ಕಸುಬು, ಈ ಫೋಟೋ ಯಾವ ಲೆಕ್ಕ! ಎರಡನೇ ಮಹಾಯುದ್ಧದ ಮೊದಮೊದಲು ಜರ್ಮನ್ ಸಿಪಾಯಿಗಳ ಭುಜಪಟ್ಟಿಯ ಮೇಲೆ ರೆಜಿಮೆಂಟಿನ ಸಂಖ್ಯೆ ಇರುತ್ತಿತ್ತು. ಸ್ಕ್ಯಾನ್ ಮಾಡಿ, ಮಸುಕು ತೆಗೆದು, ದೊಡ್ಡದು ಮಾಡಿದೆ. ಎಂಬತ್ತೊಂದು! ಕುಣಿದುಬಿಟ್ಟೆ. ಎಂಬತ್ತೊಂದನೆಯ ಪದಾತಿ ರೆಜಿಮೆಂಟು ಫ್ರಾಂಕ್‌ಫುರ್ಟ್‌ನದು. ಆ ಬೇಸಿಗೆಯಿಡೀ ಕಾಗದ ಬರೆದೆವು, ಎರಡು ಸಲ ಹೋಗಿಬಂದೆವು, ಹಳೇ ಆಲ್ಬಮ್ಮುಗಳನ್ನು ಜಾಲಾಡಿದೆವು. ಆ ಮುಖ ಎಲ್ಲಿಯೂ ಇಲ್ಲ. "ಬಿಟ್ಟುಹೋದವನನ್ನು ಹುಡುಕಿ ಏನು ಮಾಡುವುದು, ಸಾಕು ಬಿಡಿ" ಅಂದರು ಓಮಾ. ಆಸೆ ಹುಟ್ಟಿಸಿದವಳು ನಾನೇ ಎಂದು ನನಗೆ ತುಂಬ ಸಂಕಟವಾಯಿತು.

ಅಷ್ಟರಲ್ಲಿ ಮೂರು ತಿಂಗಳ ವೀಸಾ ಹಿಡಿದು ಮೈಸೂರಿನಿಂದ ನಮ್ಮಮ್ಮ ಬಂದಳು. ಚಾಮುಂಡಿಪುರದಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದು ನನ್ನನ್ನು ಓದಿಸಿದವಳು. ಕಾಫಿ ಲೋಟ ಹಿಡಿದು ನನ್ನ ಲ್ಯಾಪ್‌ಟಾಪಿಗೆ ಬಗ್ಗಿದಳು.

"ಯಾರೇ ಇವ್ನು, ಹೆಂಗಸ್ರ ಕೋಟು ಹಾಕ್ಕೊಂಡಿದಾನೆ?"

"ಸುಮ್ನಿರಮ್ಮ, ಅದು ಮಿಲಿಟರಿ ಕೋಟು."

"ಮಿಲಿಟರಿನೋ ಗಿಲಿಟರಿನೋ! ಗಂಡಸ್ರಿಗೆ ಎಡಗಡೆ ಗುಂಡಿಪಟ್ಟಿ ಮೇಲೆ ಬರ್ಬೇಕು ಕಣೇ. ಇವ್ನಿಗೆ ಬಲಗಡೇದು ಮೇಲಿದೆ. ಇಷ್ಟು ವರ್ಷ ಹೊಲ್ದಿರೋಳಿಗೆ ಗೊತ್ತಾಗಲ್ವಾ?"

ಒಂದಿಡೀ ಸೈನ್ಯದ ದರ್ಜಿಗಳು ತಪ್ಪಿರಲಾರರು. ತಪ್ಪಿದ್ದು ಫೋಟೋ! ಸ್ಟುಡಿಯೋದವರು ನೆಗೆಟಿವನ್ನು ಮಗುಚಿಟ್ಟು ಪ್ರಿಂಟು ಹಾಕಿದ್ದರು. ಕನ್ನಡಿಯಲ್ಲಿ ಎಂಟು ಎಂಟೇ, ಮಸುಕಾದ ಒಂದು ಒಂದೇ. ಜಾಗ ಮಾತ್ರ ಅದಲುಬದಲು. ಚಿತ್ರವನ್ನು ತಿರುಗಿಸುವ ಗುಂಡಿ ಒತ್ತಿದೆ. ಎಂಬತ್ತೊಂದು ಹೋಗಿ ಹದಿನೆಂಟಾಯಿತು. ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ಮುಂದೆ ಕೂರುವ ನಾನು ಒಂದು ಕೋಟಿನ ಪಟ್ಟಿ ನೋಡಿರಲಿಲ್ಲ.

ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದೆ. "ನೋ ನೆಟ್ ಹುಡ್ಲಾ!" ಎಂದು ಬಾಗಿಲಲ್ಲೇ ಗದರಿಸಿದರು. ಹಿಂದಿನಿಂದ ಅಮ್ಮ ನನ್ನ ಗಂಡನ ಷರಟು ಹಿಡಿದು ಬಂದಳು. ಅವಳಿಗೆ ಜರ್ಮನ್ ಬಾರದು, ಇವರಿಗೆ ಕನ್ನಡ ಬಾರದು. ಅಮ್ಮ ಷರಟಿನ ಗುಂಡಿಪಟ್ಟಿ ತೋರಿಸಿದಳು, ಓಮಾ ತೊಟ್ಟ ರವಿಕೆಯ ಗುಂಡಿ ತೋರಿಸಿದಳು, ಆಮೇಲೆ ಗೋಡೆಯ ಸಿಪಾಯಿಯತ್ತ ಬೆರಳು ಮಾಡಿದಳು. ಓಮಾ ಮೂರನ್ನೂ ನೋಡಿದರು. ಅರ್ಥವಾದ ಕ್ಷಣ ಅಮ್ಮನ ಎರಡೂ ಕೈ ಹಿಡಿದುಕೊಂಡರು.

ಹದಿನೆಂಟು ಉತ್ತರದ ಬೀಲೆಫೆಲ್ಡ್ ಕಡೆಯ ರೆಜಿಮೆಂಟು. ಅಲ್ಲಿ ಊರಿನ ಇತಿಹಾಸ ಕೂಡಿಸಿಡುವ ನಿವೃತ್ತ ಮೇಷ್ಟರೊಬ್ಬರಿಗೆ ಫೋಟೋ ಕಳಿಸಿದೆ. ವಾರದೊಳಗೆ ಉತ್ತರ ಬಂತು. ಸಾಲಾಗಿ ನಿಂತ ಸಿಪಾಯಿಗಳ ಚಿತ್ರ, ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೆಸರುಗಳು. ಎಡದಿಂದ ಮೂರನೆಯವನಿಗೆ ಅದೇ ಅಗಲ ಕಿವಿ, ಅದೇ ಮಚ್ಚೆ. ಓಮಾ ಜನ್ಮವಿಡೀ ನೋಡಿದ ಮಚ್ಚೆ ಎಡಗೆನ್ನೆಯಲ್ಲಿತ್ತು, ಇವನದು ಬಲಗೆನ್ನೆಯಲ್ಲಿ. ಹೆಸರಿನ ಪಕ್ಕ, ಸತ್ತವರಿಗೆ ಹಾಕುವಂಥ ಚಿಕ್ಕದೊಂದು ಶಿಲುಬೆಯ ಗುರುತು. ಆ ಹೆಸರು ಹಿಡಿದು ಯುದ್ಧದಲ್ಲಿ ಸತ್ತವರ ಪಟ್ಟಿ ನೋಡಿದೆವು. ಓಮಾ ಹುಟ್ಟುವುದಕ್ಕೆ ನಾಲ್ಕು ತಿಂಗಳ ಮುಂಚೆ ಅವನು ಸತ್ತಿದ್ದ.

"ಬಿಟ್ಟುಹೋಗಿರಲಿಲ್ಲ" ಅಂದರು. ಮತ್ತೆ ಅದನ್ನೇ ಅಂದರು. ಆಮೇಲೆ ಜೋರಾಗಿ ಅತ್ತರು. "ಮದುವೆಯಾಗದವಳಿಗೆ ಸೈನ್ಯ ಯಾಕೆ ಕಾಗದ ಹಾಕೀತು? ಅಮ್ಮನೂ ತಿಳಿಯದೆಯೇ ಹೋದಳು." ನಾನೂ ಅತ್ತೆ, ಅಮ್ಮನೂ ಅತ್ತಳು. ಅಷ್ಟು ಸಂತೋಷದಿಂದ ಅತ್ತ ದಿನ ನನಗೆ ಇನ್ನೊಂದಿಲ್ಲ.

ಆ ಸೈನ್ಯ ಏನೇನು ಮಾಡಿತ್ತೆಂದು ಓಮಾಗೆ ಚೆನ್ನಾಗಿ ಗೊತ್ತಿತ್ತು. ನಾನು ಹುರುಪಿನಲ್ಲಿ 'ವೀರ' ಎಂದೇನೋ ಅಂದಾಗ ತಡೆದರು. "ಅವನನ್ನು ದೊಡ್ಡವನು ಮಾಡಬೇಡಿ. ಇದ್ದ ಅಂದರೆ ಸಾಕು."

ಕಳೆದ ಚಳಿಗಾಲ ಓಮಾ ತೀರಿಕೊಂಡರು. ತಮ್ಮ ಮರಣದ ಪ್ರಕಟಣೆಯನ್ನು ತಾವೇ ಬರೆದು, ಲಕೋಟೆಯಲ್ಲಿಟ್ಟು ಮೇಲೆ ನನ್ನ ಹೆಸರು ಹಾಕಿದ್ದರು. ಪತ್ರಿಕೆಯ ಕಚೇರಿಗೆ ಫೋನಿನಲ್ಲಿ ಓದಿದೆ. ಆ ಕಡೆಯ ಹುಡುಗಿ, "ಮಕ್ಕಳು ಮೊಮ್ಮಕ್ಕಳ ಹೆಸರು ಹಾಕುವುದು ರೂಢಿ. ಇಷ್ಟು ವಯಸ್ಸಾದವರಿಗೆ ತಂದೆಯ ಹೆಸರು ಯಾಕೆ?" ಎಂದಳು.

"ಅದೊಂದು ಬಿಟ್ಟರೆ ಮಿಕ್ಕಿದ್ದು ಯಾವುದನ್ನು ಬೇಕಾದರೂ ತೆಗೆಯಿರಿ" ಅಂದೆ.

ಶನಿವಾರದ ಪತ್ರಿಕೆಯಲ್ಲಿ ಅಪ್ಪನ ಹೆಸರೂ ಮಗಳ ಹೆಸರೂ ಮೊದಲ ಸಲ ಒಟ್ಟಿಗೆ ಅಚ್ಚಾದವು.