ನಮ್ಮ ಮನೆಯಿಂದ ಹೋಗುವ ವೇಗ

ಅಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅವಳನ್ನು ಗುಬ್ಬಿಯಿಂದ ತುಮಕೂರಿನ ನಮ್ಮ ಮನೆಗೆ ಕರೆದುಕೊಂಡು ಬಂದೆವು. ನಡುಮನೆಯ ಕಿಟಕಿ ಪಕ್ಕ ಮಂಚ ಹಾಕಿ, ಅವಳ ಎಲೆ ಅಡಿಕೆ ಡಬ್ಬಿಯನ್ನು ಎಡಗೈಗೆ ಸಿಗುವ ಹಾಗೆ ಇಟ್ಟೆ. ಬಲಗೈ ಸ್ವಾಧೀನದಲ್ಲಿರಲಿಲ್ಲ. ಮೊದಮೊದಲು ಮಾತೇ ಹೊರಡುತ್ತಿರಲಿಲ್ಲ. ಬರಬರುತ್ತಾ ಸುಧಾರಿಸಿತು. ಹತ್ತಿರ ಕೂತು, ಬಾಯಿ ನೋಡುತ್ತಾ ಕೇಳಿದರೆ ಎಲ್ಲಾ ಅರ್ಥವಾಗುತ್ತಿತ್ತು. ಫೋನು ಹಿಡಿದರೆ ಮಾತ್ರ ಗಾಬರಿಯಾಗಿ, ‘ಹೂಂ, ಉಂಡೆ’ ಅಂದು ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು.

ಆ ಫೋನು ಬರುತ್ತಿದ್ದದ್ದು ಕುವೈತಿನಿಂದ, ನನ್ನ ತಂಗಿಯದು. ಅವಳು ನರ್ಸು. ತೊಂಬತ್ತರ ದಶಕದಲ್ಲಿ ಕುಣಿಗಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಳು. ಶನಿವಾರ ಸಂಜೆ ಎರಡು ಬಸ್ಸು ಬದಲಾಯಿಸಿ ಗುಬ್ಬಿಗೆ ಬಂದರೆ ಸೋಮವಾರ ಬೆಳಗ್ಗೆ ತಿರುಗಿ ಹೊರಡುವುದು. ಆಮೇಲೆ ಒಂದು ಗಂಡು ಗೊತ್ತಾಗಿ, ಎಲೆ ಅಡಿಕೆ ಬದಲಾಯಿಸುವ ಹಂತಕ್ಕೆ ಬಂದಾಗ ಇವಳು ಒಲ್ಲೆ ಅಂದಳು. ಕುವೈತಿನ ಕೆಲಸದ ಕಾಗದ ಕೈಗೆ ಬಂದಿತ್ತು. ಅಮ್ಮ ಹುಟ್ಟಿದೂರು ಕಡಬದಿಂದ ತಂದ ಸಂಬಂಧ ಅದು. ತನ್ನ ತಮ್ಮಂದಿರ ಮುಂದೆ ತಲೆ ತಗ್ಗಿಸುವ ಹಾಗಾಯಿತು ಅಂತ ಅಮ್ಮ ಏನೋ ಕೆಟ್ಟ ಮಾತು ಆಡಿದಳಂತೆ. ಏನಂದಳು ಅಂತ ಇಬ್ಬರೂ ನನಗೆ ಹೇಳಲಿಲ್ಲ. ತಂಗಿ ಹೊರಟ ದಿನ ಅಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕೂತಳು, ಬಾಗಿಲಿಗೆ ಬರಲಿಲ್ಲ. ಅಲ್ಲಿಂದ ಮುಂದೆ ಅವರಿಬ್ಬರ ಮಧ್ಯೆ ಫೋನಿನಲ್ಲಿ ‘ಊಟ ಆಯ್ತಾ’ ಬಿಟ್ಟರೆ ಬೇರೆ ಮಾತಿರಲಿಲ್ಲ. ತಂಗಿ ರಜೆಗೆ ಬಂದಾಗಲೂ ಅಷ್ಟೇ. ನನ್ನ ಮನೆಯಲ್ಲಿ ಇಳಿದುಕೊಂಡು, ಗುಬ್ಬಿಗೆ ಒಂದು ಮಧ್ಯಾಹ್ನ ಹೋಗಿ ಬರುತ್ತಿದ್ದಳು.

ಮಂಚ ಹಿಡಿದ ಮೇಲೆ ಅಮ್ಮನಿಗೆ ಅದೊಂದೇ ಧ್ಯಾನ. ತಲೆ ಬಾಚುವಾಗ, ಗಂಜಿ ಕುಡಿಸುವಾಗ ನನ್ನ ಕೈ ಹಿಡಿದುಕೊಂಡು ಹೇಳುತ್ತಿದ್ದಳು.

“ಅವಳ್ಗೊಂದ್ ಮಾತು ಹೇಳ್ಬೇಕು ಕಣೇ. ಮೊಕ ನೋಡ್ಕಂಡ್ ಹೇಳ್ಬೇಕು. ಈ ಫೋನ್ನಾಗೆ ಆಗಕಿಲ್ಲ.”

ತಂಗಿಗೆ ಆ ವರ್ಷ ರಜೆ ಸಿಗುವ ಹಾಗಿರಲಿಲ್ಲ. ಬೇಡಿ ನೋಡಿದಳು, ಕೊಡಲಿಲ್ಲ. ಹಾಗಾಗಿ ನಮ್ಮ ಮನೆಗೆ ಇಂಟರ್ನೆಟ್ ಬಂತು.

ಕಂಪ್ಯೂಟರ್ ಮೊದಲೇ ಇತ್ತು. ನಮ್ಮ ಯಜಮಾನರು ಅದರಲ್ಲಿ ಲಗ್ನಪತ್ರಿಕೆ ಅಕ್ಷರ ಜೋಡಿಸುತ್ತಿದ್ದರು. ಅದನ್ನು ಮಂಚದ ಎದುರಿಗೆ ತಂದು, ತೆರೆಯ ಮೇಲೊಂದು ಸಣ್ಣ ಕ್ಯಾಮೆರಾ ಕೂರಿಸಿ, ಫೋನಿನ ತಂತಿಗೆ ಒಂದು ಪುಟ್ಟ ಪೆಟ್ಟಿಗೆ ಸೇರಿಸಿದರು. ಪೆಟ್ಟಿಗೆಯ ಮೇಲೆ ಹಸಿರು ದೀಪಗಳು ಮಿಣುಕುತ್ತಿದ್ದವು. ಧೂಳು ಕೂರದಿರಲಿ ಅಂತ ನಾನು ಕ್ರೋಶಾ ಹಾಕಿದ ಬಟ್ಟೆ ಹೊದಿಸಿದೆ. ಬಿಸಿಯಾಗುತ್ತೆ ಅಂತ ಯಜಮಾನರು ತೆಗೆದರು. ಅವರು ಆಚೆ ಹೋದಾಗ ಮತ್ತೆ ಹೊದಿಸಿದೆ.

ವೇಗ ಅಳೆಯುವುದನ್ನು ಯಜಮಾನರು ಯಾರ ಹತ್ತಿರವೋ ಕಲಿತು ಬಂದಿದ್ದರು. ಒಂದು ಪುಟ ತೆರೆದರೆ ಸ್ಕೂಟರಿನ ಮೀಟರಿನಂಥ ಮುಳ್ಳು. ಗುಂಡಿ ಒತ್ತಿದರೆ ಅದು ನಡುಗಿಕೊಂಡು ಮೇಲೇರಿ ಒಂದು ಕಡೆ ನಿಲ್ಲುತ್ತಿತ್ತು. ಮೊದಲ ದಿನ ಇನ್ನೂರೈವತ್ತರ ಹತ್ತಿರ ತೋರಿಸಿತು. ಯಾವುದೋ ಚಿತ್ರ ಇಳಿಸಿಕೊಳ್ಳುವಾಗ ಮಾತ್ರ ಮೂವತ್ತೂ ದಾಟಲಿಲ್ಲ. ಮೋಸ ಅಂತ ಇವರು ಲೈನ್‌ಮನ್ನನ್ನು ಕರೆಸಿದರು. ಆತ ನಗುತ್ತಾ, ಮುಳ್ಳಿನ ಹತ್ತಿರ ಇರೋದು ಇಂಗ್ಲಿಷಿನ ಚಿಕ್ಕ ಬಿ, ಚಿತ್ರ ಇಳಿಸೋ ಕಡೆ ಇರೋದು ದೊಡ್ಡ ಬಿ, ಎಂಟು ಚಿಕ್ಕದು ಸೇರಿದರೆ ಒಂದು ದೊಡ್ಡದು, ಲೆಕ್ಕ ಸರಿಯಾಗೇ ಇದೆ ಅಂದ. ಸೇರು ಪಾವು ಇದ್ದ ಹಾಗೆ ಅಂತ ನಾನು ಅಂದುಕೊಂಡೆ. ಕಾಫಿ ಕುಡಿಯುತ್ತಾ ಆತ ಇನ್ನೊಂದು ಮಾತನ್ನೂ ಹೇಳಿದ. ಪರೀಕ್ಷೆಯಲ್ಲಿ ಎರಡು ಅಂಕಿ ಬರುತ್ತವೆ, ಒಂದು ಮನೆಗೆ ಬರೋದು, ಒಂದು ಮನೆಯಿಂದ ಹೋಗೋದು, ಹೋಗೋದು ಯಾವಾಗಲೂ ಕಡಿಮೆಯೇ ಅಂತ.

ಅಷ್ಟು ಕೇಳಿದ್ದೇ ಮಂಚದ ಮೇಲಿಂದ ಅಮ್ಮ ಗೊಣಗಿದಳು. ನಮ್ಮಲ್ಲಿ ಯಾರೂ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವೆ. ಅಮ್ಮನಿಗೆ ಅದು ಎಲ್ಲರಿಗಿಂತ ಒಂದು ಕೈ ಹೆಚ್ಚು. ಚಿಕ್ಕವರಿದ್ದಾಗ ಬಾಯಿ ತಪ್ಪಿ ‘ಹೋಗ್ತೀನಮ್ಮ’ ಅಂದರೆ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಈಗ ಮಂಚ ಹಿಡಿದ ಮೇಲಂತೂ ಕೇಳಲೇಬೇಡಿ. ಹಾಲಿನವನು ‘ಹೋಯ್ತೀನಿ’ ಅಂದರೂ ಅವಳಿಗೆ ಸಹಿಸುತ್ತಿರಲಿಲ್ಲ.

ಲೈನ್‌ಮನ್ ಹೊರಟ ಮೇಲೆ ಯಜಮಾನರು ಮತ್ತೊಮ್ಮೆ ಮುಳ್ಳು ಓಡಿಸಿದರು. “ಬರೋದು ಇನ್ನೂರೈವತ್ತು,” ಅಂತ ಗಟ್ಟಿಯಾಗಿ ಓದಿ, “ಹೋಗೋದು...” ಅನ್ನುವಷ್ಟರಲ್ಲಿ ಅಮ್ಮ ತಡೆದಳು.

“ದೀಪ ಹಚ್ಚೋ ಹೊತ್ನಾಗೆ ಹೋಗೋ ಮಾತು ಯಾಕೆ ಅಳಿಯಂದ್ರೇ? ಬರೋದಷ್ಟೇ ಹೇಳಿ ಸಾಕು.”

“ಆಯ್ತು ಬುಡಿ ಅತ್ತೆ. ನಮ್ಮನೇಲಿ ಬರೋದೇ ಎಲ್ಲಾ,” ಅಂತ ನಕ್ಕು ಇವರು ಆ ಪುಟ ಮುಚ್ಚಿದರು.

ಅವತ್ತಿನಿಂದ ಅದೇ ರೂಢಿಯಾಯಿತು. ಶುಕ್ರವಾರ ತಂಗಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಇವರು ಮುಳ್ಳು ನೋಡಿ, ಬರೋದು ಇಷ್ಟು ಅಂತ ಅಮ್ಮನಿಗೆ ಒಪ್ಪಿಸಿ, ಎರಡನೆಯ ಮುಳ್ಳು ಏಳುವ ಮುಂಚೆಯೇ ಮುಚ್ಚುತ್ತಿದ್ದರು. ನಮಗೆ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ. ತಂಗಿಯ ಮುಖ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತಿತ್ತು. ಹಿಂದಿನ ಗೋಡೆಯ ಕ್ಯಾಲೆಂಡರು, ಅವಳ ಹಣೆಯ ಸಣ್ಣ ಬೊಟ್ಟು, ಎಲ್ಲಾ ಕಾಣುತ್ತಿತ್ತು. ಅವಳದು ಇಷ್ಟು ಚೆನ್ನಾಗಿ ಬರುವಾಗ ನಮ್ಮದು ಅವಳಿಗೆ ತಲುಪದೆ ಇರುತ್ತದೆಯೇ?

ನಮ್ಮ ಮಾತೆಲ್ಲಾ ಫೋನಿನಲ್ಲೇ ಮುಗಿಯುತ್ತಿತ್ತು, ಈ ತೆರೆಯನ್ನು ಅಮ್ಮನಿಗೇ ಬಿಟ್ಟಿದ್ದೆವು. ಮೊದಲೆರಡು ಶುಕ್ರವಾರ ಅಮ್ಮ ಸುಮ್ಮನೆ ನೋಡುತ್ತಾ ಕೂತಳು. ಆಮೇಲೊಂದು ಶುಕ್ರವಾರ ತಾನೇ ಹೇಳಿ ನನ್ನ ಕೈಲಿ ತಲೆಗೆ ಎಣ್ಣೆ ಹಾಕಿಸಿಕೊಂಡು ಜಡೆ ಹಾಕಿಸಿಕೊಂಡಳು. ಒಗೆದ ಸೀರೆ ಉಟ್ಟಳು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ತಂಗಿ ಕಾಣಿಸಿಕೊಂಡ ಕೂಡಲೇ ಮಾತು ಶುರು ಮಾಡಿದಳು. ಕಡಬದ ಕೆರೆ ತುಂಬಿದೆಯಂತೆ ಅಂದಳು. ಗುಬ್ಬಿ ಮನೆಯ ಕರಿಬೇವಿನ ಗಿಡವನ್ನು ಪಕ್ಕದವರು ಬೋಳಿಸಿಬಿಟ್ಟರು ಅಂದಳು. ಅಲ್ಲಿ ಹುರುಳಿಕಾಳು ಸಿಗುತ್ತದಾ ಅಂತ ಕೇಳಿದಳು. ತಂಗಿ ನಗುತ್ತಾ ತಲೆಯಾಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಮ್ಮನ ದನಿ ಇಳಿಯಿತು. ಅವಳು ಹೇಳಬೇಕಾದದ್ದು ಈಗ ಬಂತು ಅಂತ ನನಗೆ ತಿಳಿಯಿತು. ತಾಯಿ ಮಗಳ ನಡುವೆ ನಾನು ಯಾಕೆ ಅಂತ, ಒಲೆಯ ಮೇಲೆ ಹಾಲಿಟ್ಟಿದೀನಿ ಅಂದು ಒಳಗೆ ಹೋದೆ. ಯಜಮಾನರು ಆಗಲೇ ಜಗಲಿಗೆ ಎದ್ದು ಹೋಗಿದ್ದರು. ಅಡಿಗೆಮನೆಗೆ ಅಮ್ಮನ ದನಿ ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹಾಲು ಕಾದ ಮೇಲೂ ಬೇಕಂತಲೇ ಅಲ್ಲೇ ನಿಂತಿದ್ದೆ. ತಿರುಗಿ ಬಂದಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತೆರೆಯ ಮೇಲೆ ತಂಗಿ ಇನ್ನೂ ತಲೆಯಾಡಿಸುತ್ತಿದ್ದಳು.

“ಹೇಳ್ದೆ ಕಣೇ,” ಅಂದಳು ಅಮ್ಮ. “ಹೂಂ ಅಂದ್ಲು.”

ಸಂಜೆ ತಂಗಿ ಫೋನು ಮಾಡಿ, ಅಮ್ಮ ದಣಿದಳಾ ಅಂತ ಕೇಳಿದಳು. ಇಲ್ಲ, ತೃಪ್ತಿಯಾಗಿ ಮಾತಾಡಿದಳು ಅಂದೆ. ಆಗಲಿ ಅಕ್ಕ, ಅಂದು ತಟ್ಟನೆ ಇಟ್ಟಳು. ಅವಳಿಗೆ ಮನಸ್ಸು ತುಂಬಿ ಬಂದಿದೆ ಅಂದುಕೊಂಡೆ.

ಅಮ್ಮ ಆ ವಾರ ಚೆನ್ನಾಗಿ ಉಂಡಳು. ಮುಂದಿನ ಶುಕ್ರವಾರ ಬರುವ ಮುಂಚೆ ನಿದ್ದೆಯಲ್ಲೇ ತೀರಿಕೊಂಡಳು. ಕಾರ್ಯ ಮುಗಿದರೂ ತಂಗಿಗೆ ಬರಲಾಗಲಿಲ್ಲ. ಬಂದದ್ದು ಮಾರನೇ ವರ್ಷ.

ಬಂದವಳು ಅಮ್ಮನ ಮಂಚದ ಮೇಲೇ ಮಲಗಿದಳು. ಎರಡು ದಿನ ಬಿಟ್ಟು, ಕುವೈತಿನ ಗೆಳತಿಯೊಬ್ಬಳ ಜೊತೆ ಮಾತಾಡಬೇಕು ಅಂತ ಕಂಪ್ಯೂಟರಿನ ಮುಂದೆ ಕೂತಳು. ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಆ ಹುಡುಗಿಯ ಮುಖವೂ ದನಿಯೂ ಸ್ಪಷ್ಟವಾಗಿ ಬಂದವು. ಆದರೆ ಅವಳು, ನಿಮ್ಮದೇನೂ ಕೇಳುತ್ತಿಲ್ಲ, ಬರೀ ಕರಕರ ಅನ್ನುತ್ತಿದೆ, ನೀವು ಫೋಟೋ ಥರ ನಿಂತುಬಿಟ್ಟಿದ್ದೀರಿ ಅಂತ ಮತ್ತೆ ಮತ್ತೆ ಹೇಳಿದಳು.

ತಂಗಿ ಮಾತು ನಿಲ್ಲಿಸಿದಳು. ವೇಗ ಅಳೆಯುವ ಮುಳ್ಳಿನ ಪುಟ ತೆರೆದಳು. ಮೊದಲ ಮುಳ್ಳು ಎಂದಿನ ಹಾಗೆ ಏರಿತು. ಅವಳು ಮುಚ್ಚಲಿಲ್ಲ. ಎರಡನೆಯದು ಶುರುವಾಯಿತು. ನಾನು ಅದನ್ನು ನೋಡಿದ್ದು ಅದೇ ಮೊದಲು. ಅದು ಎದ್ದೇನು ಅನ್ನುವ ಹಾಗೆ ಒಂಚೂರು ಅಲುಗಿ, ಸೊನ್ನೆಯ ಪಕ್ಕದಲ್ಲೇ ಬಿದ್ದುಕೊಂಡಿತು.

“ಅಕ್ಕ,” ಅಂದಳು, ತೆರೆಯಿಂದ ಕಣ್ಣು ತೆಗೆಯದೆ. “ಅವತ್ತು ಅಮ್ಮ ನಿಜವಾಗ್ಲೂ ಮಾತಾಡಿದ್ಲಾ?”

ಅವಳಿಗೆ ಅವತ್ತು ಕಂಡದ್ದು ದಿಂಬಿಗೆ ಒರಗಿ ಬಾಯಿ ಅರೆ ತೆರೆದು ನಿಂತುಹೋದ ಒಂದು ಚಿತ್ರ. ಕೇಳಿಸಿದ್ದು ಚೂರುಚೂರು ಸದ್ದು, ಅದು ಅಮ್ಮನ ತೊದಲು ಅಂತ ತಿಳಿದಿದ್ದಳು. ಅಮ್ಮನಿಗೆ ಮಾತು ಬರುತ್ತಿಲ್ಲ ಅಂತ ಮೊದಮೊದಲು ನಾನೇ ಫೋನಿನಲ್ಲಿ ಅತ್ತಿದ್ದೆ. ಈಗ ಪರವಾಗಿಲ್ಲ ಅಂತ ಆಮೇಲೆ ಎಷ್ಟು ಹೇಳಿದರೂ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಮಾತು ಬಿದ್ದುಹೋದವರ ಮುಂದೆ ಕೂತಾಗ, ತಿಳಿಯಲಿ ಬಿಡಲಿ, ನಗುತ್ತಾ ತಲೆಯಾಡಿಸಬೇಕು ಅಂತ ನರ್ಸುಗಳಿಗೆ ರೂಢಿಯಂತೆ. ಏನಮ್ಮಾ ಅಂತ ತಿರುಗಿ ಕೇಳಿದರೆ ರೋಗಿಗೆ ನೋವಾಗುತ್ತದಂತೆ. ಹಾಗೇ ಮಾಡಿದ್ದಳು.

ಲೈನ್‌ಮನ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ತಂತಿಯಲ್ಲೂ ಐಬಿರಲಿಲ್ಲ. ತಪ್ಪನ್ನು ಯಾರ ಮೇಲೆ ಹಾಕೋಣ?

ಸೊಪ್ಪಿನ ಮೊರ ಪಕ್ಕಕ್ಕಿಟ್ಟು ನನಗೆ ಗೊತ್ತಿದ್ದದ್ದೆಲ್ಲಾ ಹೇಳಿದೆ. ಕಡಬದ ಕೆರೆ ಹೇಳಿದೆ, ಕರಿಬೇವಿನ ಗಿಡ ಹೇಳಿದೆ, ಹುರುಳಿಕಾಳು ಹೇಳಿದೆ. ಅವಳು ಒಂದೊಂದಕ್ಕೂ ಹೂಂ ಅಂದಳು.

“ಆಮೇಲೆ?”

ಆಮೇಲೆ ನಾನು ಅಡಿಗೆಮನೆಯಲ್ಲಿದ್ದೆ ಅಂತ ಹೇಗೆ ಹೇಳಲಿ? ಅವಳ ಮುಖ ನೋಡಲಾರದೆ ಬಾಯಿಗೆ ಬಂದದ್ದು ಹೇಳಿದೆ. ಆ ಸಂಬಂಧ ಮುರಿದಾಗ ಆಡಿದ್ದು ಮನಸ್ಸಲ್ಲಿ ಇಟ್ಟುಕೊಳ್ಳಬೇಡ ಅಂದಳು, ನಿನ್ನ ಮೇಲೆ ಬೇಸರವಿಲ್ಲ ಅಂದಳು, ಆರೋಗ್ಯ ಚೆನ್ನಾಗಿ ನೋಡಿಕೋ ಅಂದಳು.

ತಂಗಿ ನನ್ನ ಕಡೆ ತಿರುಗಿ, ಮೊಣಕಾಲ ಮೇಲೆ ಕೈಯಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅಮ್ಮ ಯಾವತ್ತಾದ್ರೂ ‘ಆರೋಗ್ಯ’ ಅಂದಿದ್ದಾಳಾ ಅಕ್ಕ? ‘ಮೈ ನೋಡ್ಕೋ’ ಅಂತಿದ್ಲು. ಇದು ನಿನ್ ಮಾತು.”