ಚನಬಸಪ್ಪನವರ ಚೀಟಿ

ಪಂಚವಟಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಏಳಕ್ಕೆ ಚನಬಸಪ್ಪನವರ ಹಳೇ ಸ್ಕೂಟರ್ ನಿಂತಿತೆಂದರೆ ಯಾರದೋ ರಕ್ತಪರೀಕ್ಷೆ ಇದೆ ಅಂತಲೇ ಅರ್ಥ. ಅವರು ಭಾಲ್ಕಿಯವರು, ಇಪ್ಪತ್ತೆರಡು ವರ್ಷದಿಂದ ನಾಸಿಕದ ಒಂದು ಲ್ಯಾಬಿನಲ್ಲಿದ್ದಾರೆ. ಹಣೆ ತುಂಬ ವಿಭೂತಿ, ಕೈಯಲ್ಲಿ ಐಸ್ ಡಬ್ಬಿ. ನಿನ್ನೆ ಏನು ಉಂಡಿರಿ, ಎಷ್ಟು ನೀರು ಕುಡಿದಿರಿ, ಉಪವಾಸವಿತ್ತೇ ಎಂದು ಕೇಳದೆ ಸೂಜಿ ಚುಚ್ಚುವ ಆಸಾಮಿಯಲ್ಲ. ಉತ್ತರವನ್ನು ಪರೀಕ್ಷೆಯ ಚೀಟಿಯ ಹಿಂದೆ ಬರೆದುಕೊಳ್ಳುತ್ತಾರೆ. ರಕ್ತ ತೆಗೆಯಲು ಬಂದವರಿಗೆ ನನ್ನ ಅಡಿಗೆಮನೆಯ ಉಸಾಬರಿ ಏಕೆ ಎಂದು ನನಗೆ ಸಿಟ್ಟು ಬರುತ್ತಿತ್ತು.

ಕಳೆದ ಶ್ರಾವಣದಲ್ಲಿ ನನ್ನ ಎಡ ಪಕ್ಕೆ ನೋಯತೊಡಗಿತು. ಡಾಕ್ಟರು ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಬರೆದರು. ಒಂದರ ಆಸುಪಾಸು ಇರಬೇಕಾದ ಕ್ರಿಯಾಟಿನಿನ್ ಒಂದು ಪಾಯಿಂಟ್ ಎಂಟು ಬಂತು. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲೇ ಉಳಿಯುತ್ತಿದೆಯಂತೆ. ರಕ್ತ ಕೊಟ್ಟ ಹಿಂದಿನ ದಿನ ಸೋಮವಾರ. ಮದುವೆಯಾದಾಗಿನಿಂದ ಶ್ರಾವಣ ಸೋಮವಾರ ನಾನು ಹನಿ ನೀರು ಮುಟ್ಟಿದವಳಲ್ಲ.

"ನಿನ್ನ ಸೋಮವಾರನೇ ನಿನ್ನ ಕಿಡ್ನಿ ತಿಂತು ನೋಡು" ಅಂದರು ನಮ್ಮ ಯಜಮಾನರು. ಡಾಕ್ಟರೂ ಮೈಯಲ್ಲಿ ನೀರು ಕಡಿಮೆಯಾಗಿರಬೇಕು, ಮೂರು ದಿನ ಬಿಟ್ಟು ಮತ್ತೆ ನೋಡೋಣ ಎಂದರು.

ನನಗೆ ಕಿಡ್ನಿಗಿಂತ ಸೋಮವಾರದ ಮರ್ಯಾದೆ ದೊಡ್ಡದಾಯಿತು. ಮೂರು ದಿನ ತಂಬಿಗೆ ಮೇಲೆ ತಂಬಿಗೆ ನೀರು ಕುಡಿದೆ. ರಿಪೋರ್ಟ್ ಚೊಕ್ಕ ಬರಬೇಕು, ಗಂಡನ ಬಾಯಿ ಮುಚ್ಚಬೇಕು, ಅಷ್ಟೇ. ಶುಕ್ರವಾರ ಬಂದ ಚನಬಸಪ್ಪನವರು ಮೂತ್ರದ ಡಬ್ಬಿಯನ್ನು ಬೆಳಕಿಗೆ ಹಿಡಿದು ನಕ್ಕರು.

"ಅಕ್ಕಾರ, ಇದು ಬರೇ ನೀರೇ ಅದ. ಖರೇ ಹೇಳ್ರಿ, ಎಷ್ಟು ಕುಡದೀರಿ?"

ಎಂದಿನಷ್ಟೇ ಅನ್ನಲು ಬಾಯಿ ತೆರೆದೆ. ಆ ವಿಭೂತಿ ಹಣೆ ನೋಡಿ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಎಲ್ಲ ಒಪ್ಪಿಕೊಂಡೆ, ನೋವು ಹೆಚ್ಚಿರುವುದನ್ನೂ ಹೇಳಿದೆ. ಅವರು ಬರೆದುಕೊಂಡರು.

ಮಧ್ಯಾಹ್ನ ಕ್ರಿಯಾಟಿನಿನ್ ಎರಡು ಪಾಯಿಂಟ್ ಮೂರಕ್ಕೆ ಏರಿತ್ತು, ಮೂತ್ರದಲ್ಲಿ ರಕ್ತಕಣ. ಚನಬಸಪ್ಪನವರು ರಿಪೋರ್ಟನ್ನು ಮೊಬೈಲಿಗೆ ಕಳಿಸಿ ಸುಮ್ಮನಾಗಲಿಲ್ಲ. ಚೀಟಿ ಹಿಡಿದು ತಾವೇ ಡಾಕ್ಟರ ಮುಂದೆ ಹೋಗಿ ನಿಂತರು. ಅಷ್ಟು ನೀರು ಕುಡಿದೂ ಏರಿದೆಯೆಂದರೆ ತಪ್ಪು ಉಪವಾಸದ್ದಲ್ಲ, ಎಲ್ಲೋ ದಾರಿ ಕಟ್ಟಿದೆ ಎಂದು ಡಾಕ್ಟರು ಅಂದೇ ಸ್ಕ್ಯಾನ್ ಮಾಡಿಸಿದರು. ನನ್ನ ಬಲ ಕಿಡ್ನಿ ಹುಟ್ಟಿನಿಂದಲೇ ಸಣ್ಣದಂತೆ, ಹೆಸರಿಗಷ್ಟೇ. ದುಡಿಯುತ್ತಿದ್ದ ಎಡದ್ದರ ದಾರಿಗೆ ಕಲ್ಲು ಅಡ್ಡ ಬಿದ್ದು ಅದು ಊದಿಕೊಂಡಿತ್ತು. ಊತ ಅಂದ ಕೂಡಲೇ ಯಜಮಾನರು ಕ್ಯಾನ್ಸರ್ ಅಂದುಕೊಂಡು ಡಾಕ್ಟರನ್ನು ಮತ್ತೆ ಮತ್ತೆ ಕೇಳಿದರು. ಡಾಕ್ಟರು ಅಲ್ಲ ಅಂದಮೇಲೇ ಅವರಿಗೆ ಉಸಿರು ಬಂತು. ತಡಮಾಡಿದ್ದರೆ ಇದ್ದ ಒಂದೂ ಹೋಗುತ್ತಿತ್ತಂತೆ. ಸಂಜೆಯೇ ನಳಿಕೆ ಹಾಕಿ ಮೂತ್ರಕ್ಕೆ ದಾರಿ ಮಾಡಿದರು, ಆಮೇಲೆ ಕಲ್ಲು ತೆಗೆದರು. ತಿಂಗಳೊಳಗೆ ಕ್ರಿಯಾಟಿನಿನ್ ಇಳಿಯಿತು.

ಆ ಚೀಟಿಯನ್ನು ಡಾಕ್ಟರಲ್ಲಿ ಬೇಡಿ ತಂದು ದೇವರ ಜಗಲಿಯ ಮೇಲಿಟ್ಟಿದ್ದೇನೆ. ಈ ಶ್ರಾವಣದ ಮೊದಲ ಸೋಮವಾರ ಚನಬಸಪ್ಪನವರು ವರ್ಷದ ಪರೀಕ್ಷೆಗೆ ಬಂದಾಗ ತೋರಿಸಿದೆ. ನಿಮ್ಮ ಋಣ ಈ ಜನ್ಮಕ್ಕೆ ತೀರದು ಅಂದೆ. ಅವರು ನಾಚಿಕೊಂಡರು.

"ನಾ ಬರದದ್ದು ಏನ್ ದೊಡ್ಡದ್ರಿ ಅಕ್ಕಾರ. ನೀವು ಖರೇ ಹೇಳಿದ್ರಿ, ಅದಕ್ಕ ಉಳದ್ರಿ." ಹೊಸ ಚೀಟಿ ತಿರುಗಿಸಿ ಪೆನ್ನು ತೆಗೆದರು. "ಇವತ್ತ ಎಷ್ಟು ನೀರು ಕುಡದ್ರಿ?"

ನಾನು ಖಾಲಿ ತಂಬಿಗೆ ಎತ್ತಿ ತೋರಿಸಿದೆ.

"ಎರಡು ತಂಬಿಗಿರಿ ಅಣ್ಣಾರ. ಮೊದಲಿಂದು ನಿಮ್ಮ ಹೆಸರಲೆ ಕುಡದೆ."