ಡೆನ್ವರಿಗೆ ಹೋಗದ ಹಾಡುಗಾರ

ದೇಶವೆಲ್ಲ ಹೆಸರು ಮಾಡಿದ ಹಾಡುಗಾರ ಆರ್ಲಿಸ್, ವಯೋಮಿಂಗಿನಲ್ಲಿ ದನ ಸಾಕಿಕೊಂಡಿರುವ ಹಳೇ ನೆರೆಯವಳಾದ ವರ್ನಾಳ ಮನೆಗೆ ಬಂದರೆ ಇಂದಿಗೂ ಹಿತ್ತಿಲ ಬಾಗಿಲಿಂದಲೇ ಒಳಬರುತ್ತಾನೆ, ಅಪಶಕುನವೆಂದು ತಪ್ಪಿಯೂ ಟೋಪಿಯನ್ನು ಹಾಸಿಗೆಯ ಮೇಲಿಡುವುದಿಲ್ಲ, ಕುದುರೆಯೂ ಮುಖ ಸಿಂಡರಿಸುವಂಥ ಕಾಫಿ ಕಾಯಿಸಿಕೊಂಡು ಕುಡಿಯುತ್ತಾನೆ. ಕುದುರೆಗೆ ‘ಅಮ್ಮಾವ್ರೇ’, ಮ್ಯಾನೇಜರನಿಗೆ ‘ಲೋ’. ಹೆಸರು ಬರುವ ಮುಂಚೆ ಬಾರು, ಪುಂಡು ಕುದುರೆ ಏರುವ ರೋಡಿಯೊ ಪಂದ್ಯ, ಮದುವೆಮನೆ ಎಲ್ಲಿ ಕರೆದರೂ ಬೂಟಿನ ಸಗಣಿ ಸಮೇತ ವೇದಿಕೆ ಹತ್ತುತ್ತಿದ್ದ. “ಒರೆಸ್ಕೊಂಡು ಹತ್ತೋ, ಮಾನ ತೆಗೀಬೇಡ” ಎಂದು ವರ್ನಾ ಬೈದರೆ, “ಆ ವಾಸನೆ ಇಲ್ದಿದ್ರೆ ಸ್ವರವೇ ಹೊರಡಲ್ಲ ಕಣಕ್ಕಾ” ಎನ್ನುತ್ತಿದ್ದ. ಆದರೆ ವರ್ನಾ ನೆನೆದು ಕೈಮುಗಿಯುವುದು ಬೇರೊಂದಕ್ಕೆ. ಆಗ ಅವಳು ಹಸಿ ಬಾಣಂತಿ, ಗಂಡನ ಕಾಲು ಮುರಿದಿತ್ತು, ದನಗಳು ಸಾಲಾಗಿ ಕರು ಹಾಕುತ್ತಿದ್ದವು; ನೋಡಿಕೊಳ್ಳಲು ಬಂದವನು ಆರ್ಲಿಸ್ ಒಬ್ಬನೇ. ಅದೇ ಹೊತ್ತಿಗೆ ಡೆನ್ವರ್ ನಗರದಲ್ಲಿ ಆರ್ಲಿಸನ ಮೊದಲ ದೊಡ್ಡ ಕಾರ್ಯಕ್ರಮ. “ಹೋಗೋ, ಇಂಥ ಅವಕಾಶ ಮತ್ತೆ ಬರಲ್ಲ” ಎಂದಳು. “ಡೆನ್ವರಿನವರೇನು ಹಸ್ಕೊಂಡಿಲ್ಲ ಬಿಡಕ್ಕಾ” ಎಂದವನು, ಸತ್ತ ಕರುವಿನ ಚರ್ಮವನ್ನು ಒಂದು ತಬ್ಬಲಿ ಕರುವಿಗೆ ಹೊದಿಸಿ ಕಟ್ಟಿ, ಕರು ಕಳಕೊಂಡ ಹಸುವಿನ ಮುಂದೆ ಬಿಟ್ಟ. ಒದೆಯುತ್ತಿದ್ದ ಹಸು ಮೂಸಿ ಮೂಸಿ, ತನ್ನದೇ ಕರುವಿನ ವಾಸನೆ ಹಿಡಿದು, ಕೊನೆಗೆ ಆ ಕರುವನ್ನು ನೆಕ್ಕಿ ಹಾಲು ಬಿಡುವವರೆಗೂ, ಡೆನ್ವರಿಗೆಂದು ಕಟ್ಟಿದ್ದ ಹಾಡುಗಳನ್ನೆಲ್ಲ ಒಂದೊಂದಾಗಿ ಹಸುವಿನ ಕಿವಿಯ ಬಳಿ ಮೆಲ್ಲಗೆ ಹಾಡಿ ಮುಗಿಸಿದ.